ಕಟ್ಟಿದ ನುಡಿಯೂ ಒತ್ತಕ್ಷರದ ತೊಡಕೂ

ಹೊಸದೊಂದು ಭಾಷೆಯನ್ನೇ ಕಟ್ಟಿಬಿಡಬೇಕೆಂಬ ಹಂಬಲದವರು ಲೋಕದಲ್ಲಿ ಆಗಾಗ ಹುಟ್ಟುತ್ತಿರುತ್ತಾರೆ. ಅವರಿಗೆ ಬಾಗಿಲಲ್ಲಿಯೇ ಎದುರಾಗುವ ತೊಡಕು ಒತ್ತಕ್ಷರದ್ದು. ಕ, ತ, ಪ, ಮ ಮುಂತಾದ ಒಂಟಿ ವ್ಯಂಜನಗಳನ್ನು ಹೇಗೋ ನುಡಿಯಬಹುದು. ಎರಡು ಮೂರು ವ್ಯಂಜನಗಳು ನಡುವೆ ಸ್ವರದ ಆಸರೆಯಿಲ್ಲದೆ ಒಂದರ ಬೆನ್ನಿಗೊಂದು ಬಿದ್ದಾಗ ನಾಲಗೆ ತಡವರಿಸುತ್ತದೆ. ಒಬ್ಬರಿಗೆ ಸಲೀಸಾದ ಜೋಡಿ ಇನ್ನೊಬ್ಬರಿಗೆ ಗಂಟಲಿನ ಮುಳ್ಳು. ಅಷ್ಟೇ ಏಕೆ, ಒಬ್ಬನೇ ಮನುಷ್ಯನಿಗೆ ಒಂದೇ ಜೋಡಿ ಒಂದು ಮಾತಿನಲ್ಲಿ ಮುಳ್ಳಾಗಿ ಮತ್ತೊಂದು ಮಾತಿನಲ್ಲಿ ಹೂವಾಗುವುದುಂಟು. ಅಥಣಿಯಿಂದ ಮೂಡಲಿಗೆ, ವಿಜಯಪುರದ ಕಡೆಗೆ ಇರುವ ಐಗಳಿಯಂಥ ಊರಿನಲ್ಲಿ ‘ಸ್ವಾಮಿ’ ಎಂಬುದು ‘ಸಾಮಿ’ ಆಗುತ್ತದೆ. ಅದೇ ಊರಿನಲ್ಲಿ ‘ಸೋದರಮಾವ’ನು ‘ಸ್ವಾದರಮಾವ’ನಾಗುತ್ತಾನೆ! ದೇವರ ಆಳಿನಿಂದ ಕಿತ್ತ ವಕಾರದ ಒತ್ತನ್ನು ತಾಯಿಯ ತಮ್ಮನಿಗೆ ಉಡುಗೊರೆಯಾಗಿ ಕೊಟ್ಟ ಈ ನಾಲಗೆಯ ನ್ಯಾಯವೇನು? ಭಾಷೆ ಕಟ್ಟಹೊರಟವರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರು, ಕನ್ನಡಿಗರು ಹೇಗೆ ಎದುರಿಸಿದರು ಎಂಬುದನ್ನು ನೋಡುವುದು ವಿನೋದಕ್ಕೂ ಆದೀತು, ವಿಚಾರಕ್ಕೂ ಆದೀತು.

ಜರ್ಮನಿಯ ಬಾಡೆನ್ ಪ್ರಾಂತದಲ್ಲಿ ಯೋಹಾನ್ ಮಾರ್ಟಿನ್ ಷ್ಲೇಯರ್ ಎಂಬ ಕ್ಯಾಥೊಲಿಕ್ ಪಾದ್ರಿಗಳಿದ್ದರು. ಲೋಕಕ್ಕೆಲ್ಲ ಒಂದೇ ಭಾಷೆಯಿರಬೇಕೆಂದು ಅವರು ೧೮೭೯–೮೦ರಲ್ಲಿ ‘ವೋಲಾಪ್ಯೂಕ್’ ಎಂಬ ನುಡಿಯನ್ನು ರಚಿಸಿ ಪ್ರಕಟಿಸಿದರು. ಇಂಗ್ಲಿಷಿನ ‘ವರ್ಲ್ಡ್’ ಎಂಬ ಮಾತಿನಲ್ಲಿ ರ, ಲ, ಡ ಮೂರೂ ಗುಂಪುಗೂಡಿರುವುದನ್ನು ಬಿಡಿಸಿ ಅವರು ‘ವೋಲ್’ ಎಂದು ಮಾಡಿಕೊಂಡರು. ‘ಸ್ಪೀಕ್’ ಎಂಬುದರ ತಲೆಯ ಸಕಾರವನ್ನು ಕಡಿದು ‘ಪ್ಯೂಕ್’ ಎಂದರು. ಲೋಕ, ನುಡಿ — ಎರಡೂ ಸೇರಿ ಲೋಕನುಡಿಯ ಹೆಸರಾಯಿತು. ಚೀನಿಯರಿಗೆ ರಕಾರ ಕಷ್ಟವೆಂದು ಅದನ್ನು ಆದಷ್ಟೂ ಕೈಬಿಟ್ಟರು. ‘ಯೂರೋಪು’ ಅವರ ನುಡಿಯಲ್ಲಿ ‘ಯೂಲೋಪ್’ ಆಯಿತು. ಇಷ್ಟೆಲ್ಲ ಮಾಡಿದವರು ಒಂದು ಕಡೆ ಮೈಮರೆತರು. ‘ಬ್ರದರ್’ ಎಂಬುದರಲ್ಲಿ ರ ಹೋಗಿ ಲ ಬಂದು ‘ಬ್ಲೋಡ್’ ಆಯಿತು; ‘ಫ್ರೆಂಡ್’ ಎಂಬುದು ‘ಫ್ಲೆನ್’ ಆಯಿತು. ರಕಾರವೇನೋ ಹೋಯಿತು, ಒತ್ತು ಅಲ್ಲಿಯೇ ಕುಳಿತಿತ್ತು. ರಕಾರದಲ್ಲಿ ಎಡವುವ ಚೀನೀಯನಿಗೆ ‘ಬ್ಲ’ ಎಂಬ ಜೋಡಿ ಮಾತ್ರ ಯಾಕೆ ಸುಲಭವಾಗಬೇಕು? ತಾವು ಹೇಗಿದ್ದರೂ ನುಡಿಯಬಲ್ಲ ಜೋಡಿಯನ್ನು ಪಾದ್ರಿಗಳು ತೊಡಕೆಂದೇ ಎಣಿಸಲಿಲ್ಲ. ಕೊನೆಗೆ ೧೯೩೧ರಲ್ಲಿ ಆರಿ ದ ಯೊಂಗ್ ಎಂಬ ಡಚ್ಚರು ಆ ಭಾಷೆಯನ್ನು ತಿದ್ದಿದಾಗ ಹೊರಗಟ್ಟಿದ್ದ ರಕಾರವನ್ನು ಮರಳಿ ಕರೆತಂದರು.

೧೮೮೭ರಲ್ಲಿ ಎಸ್ಪೆರಾಂಟೊವನ್ನು ಹೊರತಂದ ಜಾಮೆನ್‌ಹಾಫ್ ಇದಕ್ಕಿಂತ ಜಾಣರು. ಅವರ ನುಡಿ ಇಂದಿಗೂ ಬದುಕಿದೆ. ಆದರೂ ‘ತಿಳಿ’ ಎಂಬ ಅರ್ಥದ ಅವರ ಧಾತು ಸಕಾರದ ಬೆನ್ನಿಗೆ ತ್ಸಕಾರವನ್ನು ಹೊತ್ತು ‘ಸ್ತ್ಸಿ’ ಎಂದು ಮೊದಲಾಗುತ್ತದೆ. ತಿಳಿಯುವುದು ಕಷ್ಟವೆಂಬುದನ್ನು ಧ್ವನಿಯಿಂದಲೇ ಸೂಚಿಸಿದರೋ ಏನೋ! ಪೋಲೆಂಡು ರಷ್ಯಗಳ ನೆರೆಯಲ್ಲಿ ಬೆಳೆದವರಿಗೆ ಅದು ಮುಳ್ಳೆನಿಸಲಿಲ್ಲ. ೧೯೦೭ರಲ್ಲಿ ಎಸ್ಪೆರಾಂಟೊವನ್ನು ತಿದ್ದಿ ‘ಇಡೊ’ ಎಂಬ ನುಡಿಯನ್ನು ಮಾಡಿದವರು ಆ ಧಾತುವನ್ನೇ ಕಿತ್ತೊಗೆದು ‘ಸವರ್’ ಎಂದಿಟ್ಟರು.

ಇವರೆಲ್ಲರಿಗಿಂತ ಆರು ಶತಮಾನಗಳ ಮೊದಲು ನಮ್ಮಲ್ಲಿ ಒಬ್ಬನು ಇದೇ ಬಗೆಯ ಸಾಹಸಕ್ಕೆ ಕೈಹಾಕಿದ್ದನೆಂದರೆ ವಾಚಕರು ಹುಬ್ಬೇರಿಸಬಾರದು. ೧೩ನೆಯ ಶತಮಾನದ ಜೈನಕವಿ ಆಂಡಯ್ಯನು ಸಂಸ್ಕೃತದ ಮಾತುಗಳನ್ನು ಇದ್ದಂತೆಯೇ ತರುವುದಿಲ್ಲವೆಂದು ಪಣತೊಟ್ಟು, ದೇಶ್ಯ ಮತ್ತು ತದ್ಭವ ಪದಗಳಲ್ಲಿಯೇ ‘ಕಬ್ಬಿಗರ ಕಾವ’ವೆಂಬ ಚಂಪೂಕಾವ್ಯವನ್ನು ಬರೆದನು. ಕಾಮನು ಶಿವನ ಮೇಲೆ ದಂಡೆತ್ತಿ ಹೋಗಿ ಗೆಲ್ಲುವ ಕಥೆ ಅದು. ಇವನಿಗೆ ಮೊದಲೇ, ೧೧೧೨ರಲ್ಲಿ ‘ಧರ್ಮಾಮೃತ’ವನ್ನು ಮುಗಿಸಿದ ಮುಳುಗುಂದದ ನಯಸೇನನು ಕನ್ನಡಕ್ಕೆ ಸಂಸ್ಕೃತವನ್ನು ಬೆರಸುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರೆಂದು ಹಳಿದಿದ್ದನು. ಆದರೆ ಆತನ ಗ್ರಂಥದ ಹೆಸರೇ ಸಂಸ್ಕೃತದ್ದು. ಆಡಿದ್ದನ್ನು ಮಾಡಿ ತೋರಿಸಿದವನು ಆಂಡಯ್ಯ.

ಆಂಡಯ್ಯನು ಮಾಡಿದ್ದು ಹೊಸಭಾಷೆಯಲ್ಲ, ಕನ್ನಡವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಆತನ ಕಾಲದಲ್ಲಿ ಯಾವ ಊರಿನಲ್ಲಿಯೂ ಜನ ಆ ಕಾವ್ಯದ ಮಾತನ್ನು ಆಡುತ್ತಿರಲಿಲ್ಲ. ಸಂಸ್ಕೃತದಿಂದ ಬಂದ ಪ್ರತಿಯೊಂದು ಪದವನ್ನೂ ಒಂದು ಜರಡಿಗೆ ಹಾಕಿ, ಒತ್ತನ್ನೂ ಮಹಾಪ್ರಾಣವನ್ನೂ ಸೋಸಿ, ಉಳಿದುದನ್ನು ಮಾತ್ರ ಬಳಸುವೆನೆಂಬ ನಿಯಮಕ್ಕೆ ಕಟ್ಟುಬಿದ್ದ ನುಡಿ ಅದು. ನಿಯಮದಿಂದ ಹುಟ್ಟಿದ ನುಡಿಯನ್ನು ಕಟ್ಟಿದ ನುಡಿಯೆನ್ನಲು ನನಗಂತೂ ಅಡ್ಡಿ ಕಾಣದು.

ಆದರೆ ಷ್ಲೇಯರ್ ಪಾದ್ರಿಗಳಿಗಿಲ್ಲದ ಒಂದು ಭಾಗ್ಯ ಆಂಡಯ್ಯನಿಗಿತ್ತು. ಜರಡಿಯನ್ನು ಆತನು ಹೊಸದಾಗಿ ಹೆಣೆಯಬೇಕಾಗಿರಲಿಲ್ಲ. ಪ್ರಾಕೃತ ನುಡಿದವರೂ ಕನ್ನಡ ನುಡಿದವರೂ ನೂರಾರು ವರ್ಷ ಅದನ್ನು ಬಳಸಿ ಸವೆಸಿಟ್ಟಿದ್ದರು. ಆಂಡಯ್ಯನ ತರುವಾಯ, ಸುಮಾರು ೧೨೬೦ರಲ್ಲಿ, ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಈ ಜರಡಿಯ ಕಣ್ಣುಗಳನ್ನು ಒಂದೊಂದಾಗಿ ಎಣಿಸಿ ಸೂತ್ರ ಬರೆದನು. ೧೮೭೨ರಲ್ಲಿ ಕಿಟ್ಟೆಲ್ ಅವರು ಮಂಗಳೂರಿನಲ್ಲಿ ಆ ಗ್ರಂಥವನ್ನು ಅಚ್ಚುಮಾಡಿಸಿದ ಮೇಲೆ ಹೊಸಗಾಲದವರಿಗೂ ಅದು ಕೈಗೆಟುಕಿತು.

ಜರಡಿಯ ಕೆಲಸ ಮುಖ್ಯವಾಗಿ ಮೂರು ಬಗೆ. ಮಾತಿನ ತಲೆಯಲ್ಲಿ ಒತ್ತು ಬಂದರೆ ಇಬ್ಬರಲ್ಲಿ ಒಬ್ಬನನ್ನು ಹೊರಗೆ ಕಳಿಸುವುದು ಒಂದು: ಸ್ನೇಹ ‘ನೇಹ’ವಾಯಿತು, ಸ್ಥಾನ ‘ತಾಣ’ವಾಯಿತು, ಧ್ವನಿ ‘ದನಿ’ಯಾಯಿತು, ಪ್ರಯಾಣ ‘ಪಯಣ’ವಾಯಿತು. ನಡುವೆ ಬಂದರೆ ಜಗಳವಾಡುವ ಇಬ್ಬರನ್ನೂ ಒಂದೇ ಜಾತಿ ಮಾಡಿಬಿಡುವುದು ಎರಡನೆಯದು: ಅಕ್ಷರ ‘ಅಕ್ಕರ’, ಕಾವ್ಯ ‘ಕಬ್ಬ’, ಸ್ವರ್ಗ ‘ಸಗ್ಗ’, ದೃಷ್ಟಿ ‘ದಿಟ್ಟಿ’, ಪುಸ್ತಕ ‘ಹೊತ್ತಗೆ’. ಇಲ್ಲಿ ಒತ್ತು ಹೋಗಿಲ್ಲವೆಂಬುದನ್ನು ಗಮನಿಸಬೇಕು. ಅಕ್ಕ, ಅಪ್ಪ, ಹಕ್ಕಿ, ಬೆಟ್ಟ ಎನ್ನುವ ಕನ್ನಡಿಗನಿಗೆ ಸಜಾತಿಯ ಒತ್ತು ಮನೆಯ ಮಗುವಿನಂತೆ. ವಿಜಾತಿಯ ಒತ್ತೇ ಹೊರಗಿನದು. ಸಂಧ್ಯೆ ‘ಸಂಜೆ’ಯಾದುದೂ ವಿದ್ಯೆ ‘ಬಿಜ್ಜೆ’ಯಾದುದೂ ತ್ಯಾಗ ‘ಚಾಗ’ವಾದುದೂ ಇದೇ ದಾರಿಯ ಇನ್ನೊಂದು ತಿರುವು: ದಂತ್ಯಕ್ಕೆ ಯಕಾರ ಅಂಟಿದಾಗ ಎರಡೂ ಕರಗಿ ಮೂರನೆಯದೊಂದು ಹುಟ್ಟಿತು.

ಮೂರನೆಯ ಬಗೆಯೇ ಜನರಿಗೆ ಎಲ್ಲಕ್ಕಿಂತ ಮೆಚ್ಚು. ಯಾರನ್ನೂ ಹೊರಗೆ ಹಾಕದೆ, ಇಬ್ಬರ ನಡುವೆ ಒಂದು ಹ್ರಸ್ವಸ್ವರವನ್ನು ಕೂರಿಸಿಬಿಡುವುದು. ಶ್ರೀ ‘ಸಿರಿ’ಯಾಯಿತು, ಚಂದ್ರ ‘ಚಂದಿರ’ನಾದ, ವರ್ಷ ‘ವರುಷ’ವಾಯಿತು, ಭಕ್ತಿ ‘ಬಕುತಿ’ಯಾಯಿತು, ಯತ್ನ ‘ಜತನ’ವಾಯಿತು. ಈ ಉಪಾಯ ಸಂಸ್ಕೃತಕ್ಕೆ ಮಾತ್ರ ಮೀಸಲಾಗಲಿಲ್ಲ. ಐಗಳಿಯ ಸುತ್ತಿನ ಸೀಮೆಯು ೧೬೮೬ರವರೆಗೆ ವಿಜಯಪುರದ ಆದಿಲಶಾಹಿಯ ಕೈಕೆಳಗಿತ್ತಷ್ಟೆ. ದರಬಾರಿನಿಂದ ‘ಹುಕ್ಮ್’ ಹೊರಟರೆ ಹಳ್ಳಿಗೆ ತಲುಪುವಾಗ ‘ಹುಕುಂ’ ಆಗುತ್ತಿತ್ತು. ‘ಜುಲ್ಮ್’ ಎಂಬುದು ‘ಜುಲುಮೆ’ಯಾಯಿತು, ‘ಫುರ್ಸತ್’ ಎಂಬುದು ‘ಪುರುಸೊತ್ತು’ ಆಯಿತು. ಮುಂದೆ ಇಂಗ್ಲಿಷರು ಬಂದಾಗಲೂ ಅದೇ ಕಥೆ. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಮಹಾಮಾರಿ ಹಳ್ಳಿಗಳಿಗೂ ಹಬ್ಬಿದಾಗ, ಸಾಯುವ ಭಯದ ನಡುವೆಯೂ ಜನ ‘ಪ್ಲೇಗ್’ ಎಂಬುದರ ಹೊಟ್ಟೆ ಸೀಳಿ ಇಕಾರವನ್ನಿಟ್ಟು ‘ಪಿಳೇಗು’ ಎಂದರು. ‘ಗ್ಲಾಸು’ ‘ಗಿಲಾಸು’ ಆಯಿತು. ಕೂರಿಸಿದ ಸ್ವರ ಕೂಡ ಹೊಂದುವಂಥದೇ. ಹುಕುಮಿನಲ್ಲಿ ಉಕಾರದ ಪಕ್ಕಕ್ಕೆ ಉಕಾರ, ಸಿರಿಯಲ್ಲಿ ಇಕಾರದ ಪಕ್ಕಕ್ಕೆ ಇಕಾರ. ಸೂತ್ರ ಓದದ ಜನ ಮಾಡಿದ ಕೆಲಸವಿದು.

ಇಲ್ಲಿಗೆ ನಿಲ್ಲಿಸಿದರೆ, ಕನ್ನಡಿಗನ ನಾಲಗೆಗೆ ವಿಜಾತಿಯ ಒತ್ತು ಒಗ್ಗದು ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದು. ಹಲವರು ಹಾಗೆಯೇ ಮಾಡಿದ್ದಾರೆ. ಆದರೆ ಹಳಗನ್ನಡವನ್ನು ಓದಿದವರಿಗೆ ಇನ್ನೊಂದು ಸಂಗತಿ ಗೊತ್ತು. ‘ಇದ್ದ’ ಎಂಬುದು ಹಿಂದೆ ‘ಇರ್ದಂ’ ಎಂದಿತ್ತು, ‘ಕಚ್ಚು’ ಎಂಬುದು ‘ಕರ್ಚು’, ‘ಹದ್ದು’ ಎಂಬುದು ‘ಪರ್ದು’, ‘ಎದೆ’ ಎಂಬುದು ‘ಎರ್ದೆ’. ಇವು ಸಂಸ್ಕೃತದಿಂದ ಬಂದವಲ್ಲ, ಅಪ್ಪಟ ದೇಶ್ಯ. ಆದರೂ ಒಳಗೆ ವಿಜಾತಿಯ ಒತ್ತಿದೆ. ಕೆಲವು ಒತ್ತುಗಳನ್ನು ಸಡಿಲವಾಗಿ ನುಡಿಯುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆಂದು ನಮ್ಮ ಲಾಕ್ಷಣಿಕರು ಕಂಡುಕೊಂಡು ಅದಕ್ಕೆ ‘ಶಿಥಿಲದ್ವಿತ್ವ’ವೆಂದು ಹೆಸರಿಟ್ಟರು. ಛಂದಸ್ಸಿನ ಮಾತ್ರೆಯ ಲೆಕ್ಕಕ್ಕೆ ಸಿಕ್ಕಿಬಿದ್ದ ಒತ್ತಿನ ಗುಟ್ಟು ಇದು. ಒತ್ತಿನಲ್ಲಿ ಬಿಗಿಯಾದುದೂ ಉಂಟು, ಸಡಿಲಾದುದೂ ಉಂಟು ಎಂಬ ಈ ಭೇದ ಷ್ಲೇಯರ್ ಪಾದ್ರಿಗಳಿಗೆ ತಿಳಿದಿದ್ದರೆ ಅವರ ನುಡಿ ಬೇರೆಯಾಗುತ್ತಿತ್ತೇನೊ.

ಈಗ ಐಗಳಿಯ ಕಡೆ ತಿರುಗಬೇಕು. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಒಂದಾದ ಒಂಕುಂದವು ಬೆಳಗಾವಿ ಜಿಲ್ಲೆಯ ಈಗಿನ ವಕ್ಕುಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಹೆಸರಿನಲ್ಲಿಯೇ ‘ಂಕ’ ಹೋಗಿ ‘ಕ್ಕ’ ಬಂದಿರುವುದು ಕಾಣುತ್ತದಷ್ಟೆ. ಐಗಳಿ ಇರುವುದು ಆ ತಿರುಳಿನ ಬಡಗಲಿಗೆ, ಮರಾಠಿಯ ಗಡಿಯ ಸೆರಗಿನಲ್ಲಿ. ತಿರುಳಲ್ಲದ ಕಡೆಯ ಮಾತನ್ನು ಕೇಳುವುದು ಇಂಥ ಪರೀಕ್ಷೆಗೆ ಒಳ್ಳೆಯದು.

ಇಲ್ಲಿ ಬೇಡ ಎಂಬುದು ‘ಬ್ಯಾಡ’, ಬೇರೆ ಎಂಬುದು ‘ಬ್ಯಾರೆ’, ಮೇಲೆ ಎಂಬುದು ‘ಮ್ಯಾಲ’, ದೇವರು ‘ದ್ಯಾವ್ರು’. ಕೋಣ ‘ಕ್ವಾಣ’, ಗೋಡೆ ‘ಗ್ವಾಡಿ’, ದೋಸೆ ‘ದ್ವಾಸಿ’. ಉತ್ತರ ಕರ್ನಾಟಕದ ಈ ಮಾತನ್ನು ಕೇಳಿ ಬೆಂಗಳೂರಿನವರು ನಗುವುದುಂಟು. ನಗುವ ಮೊದಲು ಒಂದಿಷ್ಟು ಲಕ್ಷ್ಯಗೊಟ್ಟು ಕೇಳಬೇಕು. ‘ದೇವರು’ ದ್ಯಾವ್ರು ಆಗುತ್ತಾನೆ, ‘ದೇವಿ’ ದೇವಿಯಾಗಿಯೇ ಇರುತ್ತಾಳೆ. ಕೋಣ ಕ್ವಾಣವಾಗುತ್ತದೆ, ಕೋಳಿ ಕೋಳಿಯಾಗಿಯೇ ಇರುತ್ತದೆ. ಮುಂದೆ ಅ, ಎ ಮುಂತಾದ ತೆರೆದ ಸ್ವರ ಬಂದರೆ ಹಿಂದಿನ ಏಕಾರ ಓಕಾರಗಳು ಬಾಯಿ ತೆರೆಯುತ್ತವೆ. ಇ, ಉ ಬಂದರೆ ತೆರೆಯುವುದಿಲ್ಲ. ಹಾಗಾದರೆ ‘ಗ್ವಾಡಿ’ಯಲ್ಲಿ ಇಕಾರವಿದೆಯಲ್ಲ ಎಂದು ಕೇಳಬಹುದು. ಅದು ಮೊದಲು ಗೋಡೆ. ಎಕಾರವಿದ್ದಾಗ ಓಕಾರ ತೆರೆದುಕೊಂಡಿತು, ಆಮೇಲೆ ಆ ಎಕಾರವೇ ಇಕಾರವಾಯಿತು. ಕಾರಣವಾದವನು ಊರು ಬಿಟ್ಟರೂ ಕಾರ್ಯ ಉಳಿದುಕೊಂಡಿತು. ಇಷ್ಟು ಕ್ರಮಬದ್ಧವಾದ ನಿಯಮವನ್ನು ಜಾಮೆನ್‌ಹಾಫರೂ ಬರೆಯಲಿಲ್ಲ.

ಇದಕ್ಕಿಂತಲೂ ಬೆರಗಿನದು ಇನ್ನೊಂದಿದೆ. ಹಾಡಿನಲ್ಲಿ ‘ಚಂದ್ರ’ನನ್ನು ‘ಚಂದಿರ’ನೆಂದು ಬಿಡಿಸಿದ ಹೆಂಗಸೇ ಹಾಡು ಮುಗಿಸಿ ‘ಬೀಗರು ಬಂದ್ರು’ ಎನ್ನುತ್ತಾಳೆ. ಎರಡರಲ್ಲಿಯೂ ಇರುವುದು ಅದೇ ನಕಾರ, ಅದೇ ದಕಾರ, ಅದೇ ರಕಾರ! ಒಂದರಲ್ಲಿ ಇಲ್ಲದ ಸ್ವರವನ್ನು ತಂದಿಟ್ಟಳು, ಇನ್ನೊಂದರಲ್ಲಿ ಇದ್ದ ಸ್ವರವನ್ನು ನುಂಗಿದಳು. ತ್ಯಾಗವನ್ನು ‘ಚಾಗ’ ಮಾಡಿದ ನುಡಿಯೇ ದೇವರಿಗೆ ದ್ಯಕಾರವನ್ನು ಕೊಟ್ಟಿತು. ಮನೆಯಾಗ ಎಂಬುದು ‘ಮನ್ಯಾಗ’, ಬರುತಾನ ಎಂಬುದು ‘ಬರ್ತಾನ’.

ನನಗೆ ತೋರುವುದಿಷ್ಟು. ‘ಬಂದ್ರು’ ಎಂಬ ಗಂಟು ಬಿಚ್ಚಲು ಬರುವಂಥದು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಹೇಳುವಾಗ ಅದು ‘ಬಂದರೂ’ ಎಂದು ಬಿಚ್ಚಿಕೊಳ್ಳುತ್ತದೆ. ನುಂಗಿದ ಸ್ವರ ಮರಳಿ ಬರುತ್ತದೆ. ‘ಚಂದ್ರ’ನೊಳಗೆ ಮರಳಿ ಬರಲು ಸ್ವರವೇ ಇಲ್ಲ. ಬಿಚ್ಚುವ ದಾರಿ ಗೊತ್ತಿರುವ ಗಂಟನ್ನು ನಾಲಗೆ ಅಂಜದೆ ಹಾಕುತ್ತದೆ, ದಾರಿಯಿಲ್ಲದ ಗಂಟು ಬಂದರೆ ತಾನೇ ಒಂದು ದಾರಿ ಮಾಡಿಕೊಳ್ಳುತ್ತದೆ. ವ್ಯಂಜನಗಳ ಸಂಖ್ಯೆಯನ್ನು ಎಣಿಸಿ ‘ಇದು ಕಷ್ಟ, ಇದು ಸುಲಭ’ ಎಂದು ಪಟ್ಟಿ ಮಾಡುವವರು ತಪ್ಪುವುದು ಇಲ್ಲಿಯೇ. ಸಾಲಿಯಲ್ಲಿ ‘ಪ್ರಶ್ನೆ’ಗೆ ‘ಪ್ರಸ್ನಿ’ ಎಂದ ಹುಡುಗನನ್ನು ನಾಲಗೆ ದಪ್ಪವೆಂದು ಹೀಯಾಳಿಸುವ ಮಾಸ್ತರರೂ ತಪ್ಪುವುದು ಇಲ್ಲಿಯೇ. ‘ದ್ಯಾವ್ರು’, ‘ಕ್ವಾಣ’, ‘ಬಂದ್ರು’ ಎನ್ನುವ ಹುಡುಗನ ನಾಲಗೆ ದಪ್ಪವಾದುದಲ್ಲ. ಹಾಗೆ ಹೀಯಾಳಿಸಿಕೊಂಡು ಓದು ಬಿಟ್ಟವರು ಎಷ್ಟು ಮಂದಿಯೋ, ಲೆಕ್ಕವಿಟ್ಟವರಿಲ್ಲ.

ಹಾಗಿದ್ದರೆ ಜನರ ಜರಡಿಯನ್ನೇ ಹಿಡಿದ ಆಂಡಯ್ಯನ ನುಡಿ ಏಕೆ ಹಬ್ಬಲಿಲ್ಲ? ಕಾವ್ಯವನ್ನು ಹೊಗಳಿದವರು ಬಹಳ, ಆ ದಾರಿಯಲ್ಲಿ ನಡೆದವರು ವಿರಳ. ಸೋಸಿದಷ್ಟೂ ಮಾತುಗಳು ಒಂದರ ಮೇಲೊಂದು ಬಿದ್ದು ಗುರುತು ತಪ್ಪುತ್ತವೆಂಬುದು ಒಂದು ಕಾರಣ. ಸ್ವರ ‘ಸರ’ವಾಗುತ್ತದೆ, ‘ಇಂಚರ’ದಲ್ಲಿ ಅಡಗಿರುವುದು ಅದೇ. ಬಾಣವೆಂಬರ್ಥದ ಶರವೂ ‘ಸರ’. ಕೊಳವೂ ‘ಸರ’. ಕೊರಳಲ್ಲಿ ಹಾಕುವುದೂ ‘ಸರ’. ಕಾಮನು ಕೊಳದ ದಡದಲ್ಲಿ ನಿಂತು ಕೋಗಿಲೆಯ ದನಿ ಕೇಳುತ್ತ ಬಾಣ ಹೂಡಿದನೆಂದು ಹೇಳಬೇಕಾದರೆ ಕವಿಯ ಗತಿಯೇನು! ಹಂಸವನ್ನು ‘ಅಂಚೆ’ಯೆಂದರೆ ಇಂದಿನವರಿಗೆ ಟಪಾಲು ನೆನಪಾಗುತ್ತದೆ. ಆಂಡಯ್ಯನು ಜಾಣ, ಈ ಕೇಡನ್ನೇ ಚಮತ್ಕಾರ ಮಾಡಿಕೊಂಡನು. ಕಾಮನು ತದ್ಭವದಲ್ಲಿ ‘ಕಾವ’ನಾಗುತ್ತಾನೆ, ಕಾಯುವವನೂ ‘ಕಾವ’ನೇ, ಕಬ್ಬಿಗರ ಕಾವ ಎಂದರೆ ಕವಿಗಳ ಕಾಮನೂ ಹೌದು, ಕವಿಗಳನ್ನು ಕಾಪಾಡುವವನೂ ಹೌದು. ಕಾಮನ ಬಿಲ್ಲು ಕಬ್ಬಿನದೆಂಬುದನ್ನು ನೆನೆದರೆ ‘ಕಬ್ಬ’ಕ್ಕೂ ‘ಕಬ್ಬಿ’ಗೂ ಇನ್ನೊಂದು ನಂಟು ಬೆಳೆಯುತ್ತದೆ. ಅಥಣಿ ಸೀಮೆಯ ಕಬ್ಬಿನ ರೈತನಿಗೆ ಈ ಶ್ಲೇಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾವ್ಯದಲ್ಲಿ ಸೊಬಗಾಗುವ ಈ ಗೊಂದಲ ಕೋರ್ಟಿನ ಕಾಗದದಲ್ಲಿಯೋ ವೈದ್ಯದ ಪುಸ್ತಕದಲ್ಲಿಯೋ ಬಂದರೆ ಅನರ್ಥವಾದೀತು.

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಜರಡಿ ಜನರದಾದರೂ ಜನರು ಅದನ್ನು ಎಲ್ಲ ಕಾಲಕ್ಕೂ ಎಲ್ಲ ಮಾತಿಗೂ ಹಿಡಿಯುವುದಿಲ್ಲ. ಪುಸ್ತಕವನ್ನು ಹೊತ್ತಗೆಯೆಂದವರೇ ಹೊತ್ತಗೆಯನ್ನು ಮರೆತು ಪುಸ್ತಕವೆಂದರು. ಸೆಟ್ಟಿಯನ್ನು ಮತ್ತೆ ಶ್ರೇಷ್ಠಿಯೆಂದು ಯಾರೂ ಕರೆಯಲಿಲ್ಲ. ಪ್ರೀತಿಯನ್ನು ಹಾಗೆಯೇ ಇಟ್ಟುಕೊಂಡರು. ಉತ್ತರದವರಂತೂ ‘ತ್ರಾಸ’ವನ್ನು ದಿನಕ್ಕೆ ಹತ್ತು ಸಲ ಒತ್ತುಸಹಿತ ಹೇಳಿ ತ್ರಾಸಪಡುವುದಿಲ್ಲ. ಬೇಕೆನಿಸಿದ ಮಾತಿಗೆ ನಾಲಗೆ ಶ್ರಮಪಡುತ್ತದೆ. ಆಂಡಯ್ಯನು ಆ ಆಯ್ಕೆಯನ್ನು ಜನರ ಕೈಯಿಂದ ಕಿತ್ತು ನಿಯಮದ ಕೈಗೆ ಕೊಟ್ಟನು.

ನಮ್ಮ ಕಾಲದಲ್ಲಿಯೂ ಈ ಹಂಬಲ ಆರಿಲ್ಲ. ದಕ್ಷಿಣ ಕನ್ನಡದ ಕೊಳಂಬೆ ಪುಟ್ಟಣ್ಣಗೌಡರು ಅಚ್ಚಗನ್ನಡದ ನುಡಿಕೋಶವನ್ನೇ ಕೂಡಿಸಿದರು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಈ ಶತಮಾನದ ಮೊದಲ ದಶಕದಲ್ಲಿ ಕನ್ನಡದ ಬರಹವನ್ನು ಸರಿಪಡಿಸೋಣವೆಂದು ವಾದಿಸಿ, ಮಹಾಪ್ರಾಣ, ಷಕಾರ, ಋಕಾರ, ಐ, ಔ ಮೊದಲಾದವನ್ನು ಬಿಟ್ಟು, ಓದಿದಂತೆಯೇ ಬರೆಯುವ ಹೊಸಬರಹವನ್ನು ಸೂಚಿಸಿದರು. ಓದು ಬಾರದ ಮಂದಿಗೂ ಬರಹ ತಮ್ಮದೆನಿಸಬೇಕೆಂಬುದು ಅವರ ಉದ್ದೇಶ. ಸಾಲಿಯ ಹುಡುಗನ ಪರವಾಗಿ ಅಷ್ಟು ಆಳವಾಗಿ ಯೋಚಿಸಿದ ವಿದ್ವಾಂಸರು ನಮ್ಮಲ್ಲಿ ಕಡಮೆ. ಆ ಆದರದೊಡನೆಯೇ ಒಂದು ಮಾತು. ಆ ಬರಹದಲ್ಲಿ ಐಕಾರವನ್ನು ‘ಅಯ್’ ಎಂದು ಬರೆಯಬೇಕು. ಆಗ ಐಗಳಿಯು ‘ಅಯ್ಗಳಿ’ಯಾಗುತ್ತದೆ. ಒತ್ತೇ ಇಲ್ಲದಿದ್ದ ಮೂರಕ್ಷರದ ಊರಿಗೆ ಯಕಾರದ ಕೆಳಗೆ ಗಕಾರದ ಒತ್ತು ಬಂದು ಕುಳಿತುಕೊಳ್ಳುತ್ತದೆ! ‘ಕೃಷ್ಣ’ನ ಋಕಾರ ಹೋದಲ್ಲಿ ರಕಾರದ ಒತ್ತು ಬರುತ್ತದೆ. ನಾಲಗೆಗೆ ಇದರಿಂದ ಹೊಸ ಭಾರವೇನೂ ಇಲ್ಲ, ನುಡಿಯುವುದು ಮೊದಲಿನಂತೆಯೇ; ಕಣ್ಣಿಗೆ ಮಾತ್ರ ಒತ್ತು ಹೆಚ್ಚಿತು. ಅಕ್ಷರಮಾಲೆ ಕಿರಿದಾದರೆ ಒತ್ತು ಬೆಳೆಯುವುದು, ಒತ್ತು ಕಡಮೆಯಾದರೆ ಮಾತು ಉದ್ದವಾಗುವುದು. ಇವೆರಡನ್ನೂ ಒಟ್ಟಿಗೆ ತಪ್ಪಿಸಿದ ಬರಹಗಾರನನ್ನು ಈ ಚರಿತ್ರೆಯಲ್ಲಿ ನಾನು ಕಂಡಿಲ್ಲ.

ಅಥಣಿ ತಾಲೂಕಿನ ಮೂಡಣ ಭಾಗದ ಒಣಭೂಮಿಯಲ್ಲಿ ಈಗ ದ್ರಾಕ್ಷಿಯ ತೋಟಗಳಿವೆ. ತಲೆಯಲ್ಲಿ ‘ದ್ರ’, ಬಾಲದಲ್ಲಿ ‘ಕ್ಷ’: ಆಂಡಯ್ಯನಿದ್ದರೆ ಜರಡಿಗೆ ಕೈ ಚಾಚುತ್ತಿದ್ದ ಮಾತು. ಹಿಂದಿಯವರು ಇದನ್ನು ಎಂದೋ ಸವೆಸಿ ‘ದಾಖ್’ ಎಂದು ಮುಗಿಸಿದ್ದಾರೆ. ಇಲ್ಲಿಯವರು ಷಕಾರವನ್ನು ಸಕಾರ ಮಾಡಿದರೂ ‘ದ್ರಾಕ್ಸಿ’ಯ ದ್ರಕಾರವನ್ನು ಬಿಟ್ಟಿಲ್ಲ. ಮಳೆ ಕೈಕೊಟ್ಟ ವರ್ಷ ಬಳ್ಳಿಗೆ ಟ್ಯಾಂಕರಿನ ನೀರು ಹೊಯ್ದು ಉಳಿಸಿಕೊಳ್ಳುವವರಿಗೆ ಒಂದು ಒತ್ತಕ್ಷರ ಯಾವ ದೊಡ್ಡ ಭಾರ?